ಬೆಂಗಳೂರಿನಲ್ಲಿ ಒಂದು ಒಳ್ಳೆ ಸಂಜೆ ಕಳೆಯುವುದು ಹೇಗೆ?

ಶುಕ್ರವಾರ ಸಂಜೆ ಕೆಲಸ ಮುಗಿಯುವ ಹೊತ್ತಿಗೆ ವಾಟ್ಸಾಪ್ ಗುಂಪಿನಲ್ಲಿ ಮಾತು ಶುರುವಾಗುತ್ತದೆ. "ಎಲ್ಲಿಗಾದ್ರೂ ಹೋಗೋಣ." ಒಬ್ಬರು ಇಂದಿರಾನಗರ ಅನ್ನುತ್ತಾರೆ. ಇನ್ನೊಬ್ಬರು ಜಯನಗರ. ಮೂರನೆಯವರು ವೈಟ್‌ಫೀಲ್ಡ್ ಬಿಟ್ಟು ಹೊರಡುವುದೇ ಇಲ್ಲ. ಎಂಟು ಗಂಟೆಗೆ ನೋಡಿದರೆ ಎಲ್ಲರೂ ಅವರವರ ಮನೆಯಲ್ಲೇ ಊಟ ತರಿಸಿಕೊಂಡು ಕೂತಿರುತ್ತಾರೆ.

ನಮ್ಮ ಊರಿನಲ್ಲಿ ನೋಡಲು, ಕೇಳಲು, ತಿನ್ನಲು ಬೇಕಾದಷ್ಟಿದೆ. ಆದರೆ ಅರ್ಧ ಸಂಜೆ ರಸ್ತೆಯಲ್ಲೇ ಕಳೆದುಹೋಗುತ್ತದೆ. ಅದಕ್ಕೇ ನನ್ನ ಲೆಕ್ಕ ಒಂದೇ: ಒಂದು ಸಂಜೆಗೆ ಒಂದೇ ಏರಿಯಾ. ನಾಟಕ ಎಲ್ಲಿದೆಯೋ ತಿಂಡಿಯೂ ಅಲ್ಲೇ, ಹರಟೆಯೂ ಅಲ್ಲೇ. ಜೆಪಿ ನಗರದಲ್ಲಿ ನಾಟಕ ನೋಡಿ, ಊಟಕ್ಕೆ ಕೋರಮಂಗಲಕ್ಕೆ ಹೋಗಿ, ಐಸ್‌ಕ್ರೀಮ್‌ಗೆ ಚರ್ಚ್ ಸ್ಟ್ರೀಟಿಗೆ ಬರುತ್ತೇವೆ ಅನ್ನುವವರನ್ನು ದೂರದಿಂದಲೇ ನಮಸ್ಕರಿಸಿ ಕಳಿಸಿಬಿಡಿ.

ಮೊದಲ ಹೆಜ್ಜೆ: ವಾಪಸ್ ಬರುವ ದಾರಿ ಗೊತ್ತು ಮಾಡಿಕೊಳ್ಳಿ

ಎಲ್ಲರೂ ಹೋಗುವುದನ್ನು ಯೋಚಿಸುತ್ತಾರೆ. ಬರುವುದನ್ನು ರಾತ್ರಿ ಹತ್ತೂವರೆಗೆ ಬೀದಿಯಲ್ಲಿ ನಿಂತು ಯೋಚಿಸುತ್ತಾರೆ. ಇದನ್ನು ಉಲ್ಟಾ ಮಾಡಿ.

ಮೆಟ್ರೋ ಹತ್ತಿರವಿದ್ದರೆ ಅದರಷ್ಟು ಸುಖ ಬೇರೆ ಇಲ್ಲ. ಈಗ ಮೂರು ಮಾರ್ಗಗಳಿವೆ. ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡಿಗೆ, ಹಸಿರು ಮಾರ್ಗ ಮಾದಾವರದಿಂದ ರೇಷ್ಮೆ ಸಂಸ್ಥೆಗೆ. 2025ರ ಆಗಸ್ಟಿನಲ್ಲಿ ಶುರುವಾದ ಹಳದಿ ಮಾರ್ಗ ಆರ್‌ವಿ ರಸ್ತೆಯಿಂದ ಬೊಮ್ಮಸಂದ್ರಕ್ಕೆ. ಕೊನೆಯ ರೈಲುಗಳು ರಾತ್ರಿ 11ರ ಆಸುಪಾಸಿನಲ್ಲಿ ಹೊರಡುತ್ತವೆ. ನಿಮ್ಮ ನಿಲ್ದಾಣಕ್ಕೆ ಕೊನೆಯ ಗಾಡಿ ಎಷ್ಟು ಹೊತ್ತಿಗೆ ಅಂತ ಮೆಟ್ರೋ ಆ್ಯಪ್‌ನಲ್ಲಿ ಹೊರಡುವ ಮುಂಚೆಯೇ ನೋಡಿಕೊಳ್ಳಿ. ಮೆಜೆಸ್ಟಿಕ್‌ನಲ್ಲಿ ಮಾರ್ಗ ಬದಲಿಸಬೇಕಾದರೆ ಇನ್ನೂ ಹದಿನೈದು ನಿಮಿಷ ಕೈಯಲ್ಲಿಟ್ಟುಕೊಳ್ಳಿ. ಟಿಕೆಟನ್ನು ವಾಟ್ಸಾಪಿನಲ್ಲೇ ತೆಗೆದುಕೊಳ್ಳಬಹುದು. ಒಬ್ಬರೇ ಹೋಗುವ ಹೆಂಗಸರಿಗೆ ಮೊದಲ ಬೋಗಿ ಮೀಸಲಿದೆ.

ಆಟೋ ಆದರೆ ರಾತ್ರಿ 10ರಿಂದ ಬೆಳಗಿನ 5ರವರೆಗೆ ಮೀಟರ್ ದರದ ಒಂದೂವರೆ ಪಟ್ಟು. ಅದು ಕಾನೂನುಬದ್ಧ ದರವೇ, ಜಗಳ ಬೇಡ. 2025ರ ಆಗಸ್ಟ್‌ನಿಂದ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಈ ಎರಡು ಅಂಕಿ ನೆನಪಿದ್ದರೆ ಯಾರಾದರೂ "ಮುನ್ನೂರು ಕೊಡಿ ಸರ್" ಅಂದಾಗ ನಗುತ್ತಲೇ ಲೆಕ್ಕ ಹೇಳಬಹುದು. ಅವರು ಬರುತ್ತಾರೆ ಅಂತಲ್ಲ, ನಿಮಗೆ ಸಮಾಧಾನ. ಆಟೋ ಕರೆಸುವ 'ನಮ್ಮ ಯಾತ್ರಿ'ಯಂಥ ಆ್ಯಪ್ ಫೋನಿನಲ್ಲಿರಲಿ. ಗಾಡಿ ಹತ್ತಿದ ಮೇಲೆ ಮನೆಯಲ್ಲಿ ಒಬ್ಬರಿಗೆ ಟ್ರಿಪ್ ವಿವರ ಕಳಿಸಿ. ಏನಾದರೂ ಎಡವಟ್ಟಾದರೆ 112ಕ್ಕೆ ಫೋನ್ ಮಾಡಿ.

ಎರಡನೆಯದು: ಏರಿಯಾ ಆರಿಸಿ

ನಾನು ಮೂರು ಏರಿಯಾ ಹೇಳುತ್ತೇನೆ. ಇವುಗಳಲ್ಲಿ ಜೆಸಿ ರಸ್ತೆಯಿಂದ ಬಸವನಗುಡಿವರೆಗಿನ ಪಟ್ಟಿ ನನಗೆ ಎಲ್ಲಕ್ಕಿಂತ ಇಷ್ಟ. ಹಾಗಾಗಿ ಅದರ ಬಗ್ಗೆ ಜಾಸ್ತಿ ಬರೆದರೆ ಬೇಜಾರು ಮಾಡಿಕೊಳ್ಳಬೇಡಿ.

ಜೆಸಿ ರಸ್ತೆಯ ರವೀಂದ್ರ ಕಲಾಕ್ಷೇತ್ರ 1963ರಿಂದ ನಡೆಯುತ್ತಿದೆ. ಟಾಗೋರರ ಜನ್ಮಶತಮಾನೋತ್ಸವದ ನೆನಪಿಗೆ ಕಟ್ಟಿದ್ದು. ಹಿಂದೆ ಸಂಸ ಬಯಲು ರಂಗಮಂದಿರ, ಪಕ್ಕದ ಕನ್ನಡ ಭವನದಲ್ಲಿ ನಯನ ಸಭಾಂಗಣ. ಯಾವ ವಾರ ಹೋದರೂ ಈ ಮೂರರಲ್ಲಿ ಒಂದು ಕಡೆ ನಾಟಕವೋ ನೃತ್ಯವೋ ಸುಗಮ ಸಂಗೀತವೋ ಇರುತ್ತದೆ. ಎಷ್ಟೋ ಕಾರ್ಯಕ್ರಮಗಳಿಗೆ ಟಿಕೆಟೇ ಇಲ್ಲ. ಒಂದೇ ಎಚ್ಚರಿಕೆ: ಆಹ್ವಾನ ಪತ್ರಿಕೆಯನ್ನು ಪೂರ್ತಿ ಓದಿ. ಉದ್ಘಾಟನೆ, ಮುಖ್ಯ ಅತಿಥಿಗಳು, ಸನ್ಮಾನ ಅಂತ ಹೆಸರುಗಳ ಪಟ್ಟಿ ಉದ್ದ ಇದ್ದಷ್ಟೂ ನಾಟಕ ತಡ. ಅಂಥ ದಿನ ಮುಕ್ಕಾಲು ಗಂಟೆ ಬಿಟ್ಟು ಹೋದರೂ ಏನೂ ತಪ್ಪಿಹೋಗುವುದಿಲ್ಲ.

ಕಲಾಕ್ಷೇತ್ರಕ್ಕೆ ಕೆಆರ್ ಮಾರ್ಕೆಟ್ ಮೆಟ್ರೋ ನಿಲ್ದಾಣ ಹತ್ತಿರ. ಕಾರ್ಯಕ್ರಮ ಮುಗಿಸಿ ಅಲ್ಲಿಂದ ಮುಂದಿನ ನಿಲ್ದಾಣ ನ್ಯಾಷನಲ್ ಕಾಲೇಜಿಗೆ ಬಂದರೆ ಸಜ್ಜನ್ ರಾವ್ ವೃತ್ತದ ತಿಂಡಿ ಬೀದಿ ನಡೆದು ಹೋಗುವಷ್ಟು ದೂರ. ವಿವಿ ಪುರಂನ ಈ ಬೀದಿ ಸಂಜೆಯ ನಂತರ ಕಳೆಕಟ್ಟುತ್ತದೆ. ದೋಸೆ, ಪಡ್ಡು, ಹೋಳಿಗೆ, ಬಜ್ಜಿ, ಗುಲ್ಕನ್ ಹಾಕಿದ ಐಸ್‌ಕ್ರೀಮ್. 1953ರ ವಿಬಿ ಬೇಕರಿಯ 'ಕಾಂಗ್ರೆಸ್' ಎಂಬ ಮಸಾಲೆ ಕಡ್ಲೆಕಾಯಿ ಬೀಜ ಒಂದು ಪೊಟ್ಟಣ ಕಟ್ಟಿಸಿಕೊಂಡರೆ ವಾರ ಬರುತ್ತದೆ, ಮನೆಯಲ್ಲಿ ಮಕ್ಕಳಿಲ್ಲದಿದ್ದರೆ. ಇಲ್ಲಿ ತಿನ್ನುವ ರೀತಿ ಏನೆಂದರೆ, ಮೊದಲು ಈ ತುದಿಯಿಂದ ಆ ತುದಿವರೆಗೆ ಏನೂ ಕೊಳ್ಳದೆ ನಡೆಯಿರಿ. ಎಲ್ಲಿ ಕಾವಲಿ ಮೇಲೆ ಬಿಸಿಬಿಸಿಯಾಗಿ ಇಳಿಯುತ್ತಿದೆ, ಎಲ್ಲಿ ಜನ ಬೇಗ ಬೇಗ ಬದಲಾಗುತ್ತಿದ್ದಾರೆ ನೋಡಿ. ಆಮೇಲೆ ವಾಪಸ್ ಬರುತ್ತಾ ತಿನ್ನಿ. ನಾಲ್ಕು ಜನ ಇದ್ದರೆ ಒಂದೊಂದರಲ್ಲಿ ಒಂದೇ ಪ್ಲೇಟ್ ತಗೊಂಡು ಹಂಚಿಕೊಳ್ಳಿ. ಇಲ್ಲದಿದ್ದರೆ ಎರಡನೇ ಅಂಗಡಿಗೇ ಹೊಟ್ಟೆ ತುಂಬಿಬಿಡುತ್ತದೆ.

ಇದೇ ಪಟ್ಟಿಯಲ್ಲಿ ಇನ್ನೂ ಎರಡು ಜಾಗ ಇವೆ. ಕೆಆರ್ ರಸ್ತೆಯ ಬೆಂಗಳೂರು ಗಾಯನ ಸಮಾಜ ಶುರುವಾದದ್ದು 1905ರಲ್ಲಿ. ಶಿವನಸಮುದ್ರದಿಂದ ಬಂದ ಕರೆಂಟಿನಿಂದ ಬೆಂಗಳೂರಿನ ಬೀದಿ ದೀಪಗಳು ಮೊದಲು ಹತ್ತಿದ್ದೂ ಅದೇ ವರ್ಷವೇ. ಊರಿಗೆ ರಾತ್ರಿ ಬೆಳಕು ಬಂದ ವರ್ಷದಿಂದ ಅಲ್ಲಿ ಸಂಗೀತ ನಡೆಯುತ್ತಿದೆ ಅಂದಹಾಗಾಯಿತು. ಇನ್ನೊಂದು ಬಿಪಿ ವಾಡಿಯಾ ರಸ್ತೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್. 1945ರದು. ಉಪನ್ಯಾಸ, ಕಛೇರಿ, ನೃತ್ಯ ಎಲ್ಲಾ ಉಚಿತ. ಗಾಂಧಿ ಬಜಾರಿಗೆ ತರಕಾರಿ ಹೂವು ಅಂತ ಬಂದವರು ಸುಮ್ನೆ ಒಳಗೆ ಹೋಗಿ ಕೂತುಬಿಡಬಹುದು.

ಎರಡನೇ ಏರಿಯಾ ಮಲ್ಲೇಶ್ವರ. ಸಂಜೆ ಸ್ಯಾಂಕಿ ಕೆರೆ ಏರಿ ಮೇಲೆ ನಡೆದು, ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನದಲ್ಲಿ ಕಛೇರಿಯೋ ನಾಟಕವೋ ನೋಡಿ ಬರಬಹುದು. ಏಳು ತಂತಿಯ ಪಿಟೀಲು ನುಡಿಸುತ್ತಿದ್ದ ಟಿ. ಚೌಡಯ್ಯನವರ ಹೆಸರಿನದು ಆ ಭವನ. ಕಛೇರಿಗೆ ಮುಂಚೆ ತಿನ್ನುವುದಾದರೆ ಸಿಟಿಆರ್ ಹೋಟೆಲಿನಲ್ಲಿ ಬೆಣ್ಣೆ ಮಸಾಲೆ ದೋಸೆ ಇದೆ. ಅಲ್ಲಿ ಸಾಲು ಇರುತ್ತದೆ, ಐದು ಗಂಟೆಗೇ ಹೋಗಿ. ಎಂಟನೇ ಅಡ್ಡರಸ್ತೆಯಲ್ಲಿ ಸಂಜೆ ಕಾಲಿಡಲು ಜಾಗ ಇರುವುದಿಲ್ಲ. ಆದರೆ ಹಬ್ಬದ ಹಿಂದಿನ ದಿನದ ಆ ನೂಕುನುಗ್ಗಲೂ ಒಂದು ಮಜವೇ.

ಮೂರನೆಯದು ಎಂಜಿ ರಸ್ತೆ. ನೇರಳೆ ಮಾರ್ಗದಲ್ಲಿ ಇಳಿದರೆ ಹಿಂದೆಯೇ ಚರ್ಚ್ ಸ್ಟ್ರೀಟ್. ಬ್ಲಾಸಮ್, ಬುಕ್‌ವರ್ಮ್‌ಗಳಲ್ಲಿ ಹಳೇ ಪುಸ್ತಕ ತಡಕಾಡಿ, ಇಂಡಿಯನ್ ಕಾಫಿ ಹೌಸಿನಲ್ಲಿ ಕಾಫಿ ಕುಡಿದು, ಆಮೇಲೆ ಬೇಕಿದ್ದವರು ಪಬ್ಬಿಗೆ, ಬೇಡದವರು ಮನೆಗೆ. ಕುಡಿಯುವವರು, ಕುಡಿಯದವರು ಎರಡೂ ಇರುವ ಗುಂಪಿಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಯಾರೂ ಯಾರಿಗಾಗಿಯೂ ಕಾಯಬೇಕಿಲ್ಲ.

ಜೆಪಿ ನಗರದ ರಂಗಶಂಕರವನ್ನು ಯಾವ ಪಟ್ಟಿಗೂ ಸೇರಿಸಲಿಲ್ಲ. ಅದೇ ಒಂದು ಇಡೀ ಸಂಜೆ. ಶಂಕರ್‌ನಾಗ್ ನೆನಪಿನಲ್ಲಿ ಅರುಂಧತಿ ನಾಗ್ ಅವರು ಕಟ್ಟಿ ನಿಲ್ಲಿಸಿದ ಈ ರಂಗಮಂದಿರ 2004ರಲ್ಲಿ ಬಾಗಿಲು ತೆರೆಯಿತು. ಸೋಮವಾರ ಬಿಟ್ಟು ದಿನಾ ನಾಟಕ. ಸಂಜೆ 7.30ಕ್ಕೆ ಅಂದರೆ 7.30ಕ್ಕೇ. ಬಾಗಿಲು ಹಾಕಿದ ಮೇಲೆ ಟಿಕೆಟ್ ಇದ್ದರೂ ಒಳಗೆ ಬಿಡುವುದಿಲ್ಲ. ಎಷ್ಟು ದೊಡ್ಡವರಾದರೂ ಅಷ್ಟೇ. ಟ್ರಾಫಿಕ್ ಕಾರಣ ಅಲ್ಲಿ ನಡೆಯಲ್ಲ. ಆರೂವರೆಗೇ ಹೋಗಿ, ಕೆಫೆಯಲ್ಲಿ ಅಕ್ಕಿ ರೊಟ್ಟಿ ತಿಂದು ಕೂತುಬಿಡಿ. ಭಾನುವಾರ ಮಧ್ಯಾಹ್ನ 3.30ಕ್ಕೂ ಒಂದು ಪ್ರದರ್ಶನ ಇರುತ್ತದೆ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಲು ಅದೇ ವಾಸಿ, ಕತ್ತಲಾಗುವ ಹೊತ್ತಿಗೆ ಮನೆ ಸೇರಬಹುದು.

ಮೂರನೆಯದು: ಹೊರಡುವ ಮುಂಚೆ ಮೈ, ಮನಸ್ಸು ನೋಡಿಕೊಳ್ಳಿ

ವಾರವಿಡೀ ದಣಿದ ಮೈಯನ್ನು ಎಳೆದುಕೊಂಡು ಹೋದರೆ ಎಷ್ಟೇ ಒಳ್ಳೆ ನಾಟಕವಾದರೂ ಎರಡನೇ ದೃಶ್ಯಕ್ಕೆ ತೂಕಡಿಕೆ. ಶನಿವಾರ ಸಂಜೆ ಹೊರಡುವುದಾದರೆ ಮಧ್ಯಾಹ್ನ ಊಟವಾದ ಮೇಲೆ ಅರ್ಧ ಗಂಟೆ ಮಲಗಿ. ಅದಕ್ಕೆ ಯಾರೂ ಸೋಮಾರಿ ಅನ್ನುವುದಿಲ್ಲ. ಅಂದರೆ ಅನ್ನಲಿ ಬಿಡಿ. ಕಾರ್ಯಕ್ರಮಕ್ಕೆ ಮುಂಚೆ ಹಗುರವಾಗಿ ತಿನ್ನಿ, ಭರ್ಜರಿ ಊಟ ಆಮೇಲೆ. ಏಪ್ರಿಲ್, ಮೇ ಸಂಜೆಗಳಲ್ಲಿ ಇದ್ದಕ್ಕಿದ್ದಂತೆ ಮಳೆ ಹುಯ್ಯುತ್ತದೆ, ಅಕ್ಟೋಬರ್‌ವರೆಗೂ ಅದರ ಕಾಟ ಇದ್ದದ್ದೇ. ಚಿಕ್ಕ ಕೊಡೆ ಚೀಲದಲ್ಲಿರಲಿ. ಡಿಸೆಂಬರ್, ಜನವರಿಯಲ್ಲಿ ಬಯಲು ರಂಗಮಂದಿರಕ್ಕೆ ಹೋಗುವವರು ಸ್ವೆಟರ್ ಮರೆಯಬೇಡಿ.

ಇನ್ನು ಮನಸ್ಸಿನ ವಿಷಯ. ಪ್ರತಿ ಸಂಜೆಯೂ ಗುಂಪಿನಲ್ಲೇ ಹೋಗಬೇಕು ಅಂತಿಲ್ಲ. ಒಬ್ಬರೇ ನಾಟಕಕ್ಕೆ ಹೋಗುವುದು ಶುರುವಿನಲ್ಲಿ ಮುಜುಗರ ಅನ್ನಿಸಬಹುದು. ದೀಪ ಆರಿದ ಮೇಲೆ ಪಕ್ಕದಲ್ಲಿ ಯಾರಿದ್ದಾರೆ ಅನ್ನುವುದು ಯಾರಿಗೆ ಬೇಕು? ಕಛೇರಿಗಳಲ್ಲಂತೂ ಒಬ್ಬರೇ ಬಂದು ತೊಡೆ ಮೇಲೆ ತಾಳ ಹಾಕುತ್ತಾ ಕೂತಿರುವ ಹಿರಿಯರು ಸಾಲಿಗೆ ಇಬ್ಬರಾದರೂ ಸಿಗುತ್ತಾರೆ. ಹಾಗೆಯೇ, ಮೈಗೆ ಸರಿ ಇಲ್ಲದ ದಿನ "ಇವತ್ತು ಆಗಲ್ಲ" ಅಂತ ನೇರವಾಗಿ ಹೇಳಿ. "ನೋಡೋಣ, ಹೇಳ್ತೀನಿ" ಅಂತ ಎಳೆದಾಡಿದರೆ ನಿಮಗೂ ನೆಮ್ಮದಿ ಇಲ್ಲ, ಟಿಕೆಟ್ ತೆಗೆಯುವವರಿಗೂ ಇಲ್ಲ.

ದುಡ್ಡಿನ ಬಗ್ಗೆ ಒಂದು ಮಾತು. ಹೊರಗೆ ಹೋಗುವುದೆಂದರೆ ಸಾವಿರಾರು ರೂಪಾಯಿ ಎಂಬ ಭಾವನೆ ಹಬ್ಬಿದೆ. ಪಬ್ಬು, ಮಾಲ್ ಮಾತ್ರ ಲೆಕ್ಕಕ್ಕೆ ಹಿಡಿದರೆ ಅದು ನಿಜ. ಕನ್ನಡ ನಾಟಕದ ಟಿಕೆಟ್ ವಾರಾಂತ್ಯದ ಮಲ್ಟಿಪ್ಲೆಕ್ಸ್ ಟಿಕೆಟ್ಟಿಗಿಂತ ಸಾಮಾನ್ಯವಾಗಿ ಅಗ್ಗ. ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿ ಸಾಮಾನ್ಯ ಬಸ್ಸು ಉಚಿತ, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕು. ತಿಂಗಳಿಗೆ ಇಷ್ಟು ಅಂತ ತೆಗೆದಿಟ್ಟು, ಅದರಲ್ಲಿ ಒಂದು ದುಬಾರಿ ಸಂಜೆ, ಉಳಿದವು ಅಗ್ಗದ ಸಂಜೆ ಅಂತ ಮಾಡಿಕೊಂಡರೆ ತಿಂಗಳ ಕೊನೆಗೆ ಕೈ ಕಚ್ಚುವುದಿಲ್ಲ.

ಪಬ್ಬಿಗೆ ಹೋಗುವವರಿಗೆ

ಇಂದಿರಾನಗರ, ಕೋರಮಂಗಲದ ಬಗ್ಗೆ ನಾನು ಹೇಳಬೇಕಾದ್ದು ಕಡಿಮೆ, ಹೇಳುವವರು ಬೇಕಾದಷ್ಟು ಜನ ಇದ್ದಾರೆ. ವಯಸ್ಸು 21 ಆಗಿರಬೇಕು, ಗುರುತಿನ ಚೀಟಿ ಜೇಬಿನಲ್ಲಿರಲಿ. ನಗರದಲ್ಲಿ ರಾತ್ರಿ 1ರವರೆಗೆ ಅನುಮತಿ ಇದೆ. ಆದರೆ ಬಾಗಿಲು ಹಾಕುವ ಹೊತ್ತಿಗೆ ಎಲ್ಲರೂ ಒಟ್ಟಿಗೆ ಬೀದಿಗೆ ಬರುವುದರಿಂದ ಗಾಡಿ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಹತ್ತೂವರೆಗೇ ಎದ್ದರೆ ಇಂದಿರಾನಗರ ನಿಲ್ದಾಣದಿಂದ ಮೆಟ್ರೋ ಹಿಡಿಯಬಹುದು, ಮರುದಿನ ತಲೆಯೂ ನೆಟ್ಟಗಿರುತ್ತದೆ.

ಖಾಲಿ ಹೊಟ್ಟೆಯಲ್ಲಿ ಕುಡಿಯಬೇಡಿ. ಒಂದೊಂದು ಗ್ಲಾಸಿನ ಮಧ್ಯೆ ನೀರು ಕುಡಿಯಿರಿ. ಕುಡಿದ ಮೇಲೆ ಗಾಡಿ ಮುಟ್ಟಲೇಬೇಡಿ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್ ದಾಟಿದರೆ ಅಪರಾಧ. ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. "ಒಂದೇ ಬಿಯರ್ ಅಲ್ವಾ" ಅನ್ನುವ ಲೆಕ್ಕ ಪೊಲೀಸರ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಸ್ಕೂಟರ್ ಮನೆಯಲ್ಲೇ ಬಿಟ್ಟು ಬನ್ನಿ. ತಂದುಬಿಟ್ಟಿದ್ದರೆ ಅಲ್ಲೇ ಬಿಟ್ಟು ಹೋಗಿ, ಬೆಳಿಗ್ಗೆ ಬಂದು ತಗೊಂಡು ಹೋಗಿ.

ವರ್ಷದಲ್ಲಿ ಒಂದೆರಡು ಸಲ: ಇಡೀ ರಾತ್ರಿ

ರಾತ್ರಿಯಿಡೀ ಎಚ್ಚರ ಇರುವುದು ಈ ಊರಿಗೆ ಪಬ್ಬುಗಳು ಬಂದಮೇಲೆ ಕಲಿತದ್ದೇನಲ್ಲ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಕರಗ ಹೊರಡುತ್ತದೆ. ತಿಗಳ ಸಮುದಾಯದ ಪೂಜಾರಿ ಮಲ್ಲಿಗೆ ಹೂವಿನ ಕರಗ ಹೊತ್ತು, ಸುತ್ತ ಕತ್ತಿ ಹಿಡಿದ ವೀರಕುಮಾರರು, "ಗೋವಿಂದ ಗೋವಿಂದ" ಕೂಗು. ಹಳೇ ಪೇಟೆಯ ಬೀದಿಗಳನ್ನೆಲ್ಲ ಸುತ್ತಿ, ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುತ್ತದೆ. ನೋಡಲು ಹೋಗುವವರು ಗುಡಿಯ ಬಾಗಿಲಲ್ಲೇ ನಿಲ್ಲಬೇಕು ಅಂತ ಹಟ ಹಿಡಿಯಬೇಡಿ. ಅಲ್ಲಿ ಉಸಿರಾಡಲೂ ಆಗುವುದಿಲ್ಲ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಗುಡಿಯಿಂದ ದೂರದ ಬೀದಿಯಲ್ಲಿ, ಯಾವುದಾದರೂ ಅಂಗಡಿಯ ಕಟ್ಟೆ ಮೇಲೆ ಜಾಗ ಹಿಡಿಯಿರಿ. ಕರಗ ಹೊರಡುವುದೇ ಮಧ್ಯರಾತ್ರಿ ದಾಟಿದ ಮೇಲೆ. ಸಂಜೆ ಚೆನ್ನಾಗಿ ನಿದ್ದೆ ಮಾಡಿ ಬನ್ನಿ, ಹತ್ತಿ ಬಟ್ಟೆ ಹಾಕಿ, ಒಡವೆ ಮನೆಯಲ್ಲಿಡಿ, ಫೋನು ಮುಂದಿನ ಜೇಬಿನಲ್ಲಿರಲಿ.

ಇನ್ನೊಂದು ರಾತ್ರಿ ಯಕ್ಷಗಾನದ್ದು. ಕರಾವಳಿಯಲ್ಲಿ ಮಳೆಗಾಲಕ್ಕೆ ಮೇಳಗಳು ತಿರುಗಾಟ ನಿಲ್ಲಿಸುತ್ತವೆ. ಆಗ ಕಲಾವಿದರು ಬೆಂಗಳೂರಿಗೆ ಬರುತ್ತಾರೆ. ಜುಲೈ, ಆಗಸ್ಟ್ ಹೊತ್ತಿಗೆ ರವೀಂದ್ರ ಕಲಾಕ್ಷೇತ್ರದಲ್ಲಿ ರಾತ್ರಿ ಹತ್ತಕ್ಕೆ ಶುರುವಾಗಿ ಬೆಳಗಿನವರೆಗೆ ಆಟ ನಡೆಯುವುದುಂಟು. ಕುಂದಾಪುರ, ಉಡುಪಿ ಕಡೆಯಿಂದ ಬಂದು ಇಲ್ಲಿ ಹೋಟೆಲು, ಬೇಕರಿ ನಡೆಸುವವರು, ಕೆಲಸ ಮಾಡುವವರು ಅಂಗಡಿ ಮುಚ್ಚಿ ನೇರ ಬಂದು ಕೂರುತ್ತಾರೆ. ಅವರ ಪಕ್ಕ ಕೂತು ನೋಡಿ. ಯಾವ ಪದ್ಯಕ್ಕೆ ಚಪ್ಪಾಳೆ, ಯಾವ ಮಾತಿಗೆ ನಗು ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಮೊದಲ ಸಲ ಹೋಗುವವರು ಪ್ರಸಂಗದ ಕಥೆಯನ್ನು ಮೊದಲೇ ತಿಳಿದುಕೊಂಡು ಹೋಗಿ. ಭಾಗವತರ ಹಾಡಿನ ಸಾಹಿತ್ಯ ಅರ್ಧ ಹಿಡಿತಕ್ಕೆ ಸಿಗದಿದ್ದರೂ ಕಥೆಯ ಎಳೆ ತಪ್ಪುವುದಿಲ್ಲ. ಎರಡು ಗಂಟೆ ಹೊತ್ತಿಗೆ ನಿದ್ದೆ ಒತ್ತಿಕೊಂಡು ಬಂದಾಗ ಹೊರಗೆ ಹೋಗಿ ಮುಖ ತೊಳೆದು ಒಂದು ಟೀ ಕುಡಿಯಿರಿ. ಚಂಡೆ ಜೋರಾದಾಗ ಒಳಗೆ ಬನ್ನಿ.

ಈ ಎರಡೂ ರಾತ್ರಿಗಳು ಮುಗಿಯುವುದು ಕೆಆರ್ ಮಾರ್ಕೆಟ್ಟಿನ ಹತ್ತಿರವೇ. ಬೆಳಗಿನ ನಾಲ್ಕು, ಐದಕ್ಕೆ ಅಲ್ಲಿನ ಹೂವಿನ ಮಂಡಿ ನೋಡುವಂಥದ್ದು. ಸೇವಂತಿಗೆ, ಚೆಂಡು ಹೂವು, ಕನಕಾಂಬರದ ರಾಶಿ. ದಾರಿಯಲ್ಲಿ ನಿಂತು ಫೋಟೋ ತೆಗೆಯುತ್ತಾ ಕೂಲಿಯವರಿಗೆ ಅಡ್ಡ ಬರಬೇಡಿ. ಅವರಿಗದು ಕೆಲಸದ ಹೊತ್ತು. ಒಂದು ಮೊಳ ಮಲ್ಲಿಗೆ ಕೊಂಡು ಮೊದಲ ಮೆಟ್ರೋ ಹತ್ತಿ, ವಾರದ ದಿನಗಳಲ್ಲಿ ಬೆಳಿಗ್ಗೆ 5ರ ಹೊತ್ತಿಗೇ ಗಾಡಿ ಶುರು. ಭಾನುವಾರ ಮಾತ್ರ 7ರವರೆಗೆ ಕಾಯಬೇಕು.

ಹೀಗೆ ಊರಿನ ಪಂಚಾಂಗ ಹಿಡಿದು ನಡೆದರೆ ಬೇರೆ ಯೋಜನೆಯೇ ಬೇಡ. ಜನವರಿಯಲ್ಲಿ ಅವರೆಬೇಳೆ ಮೇಳ, ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ. ರಾಮನವಮಿಗೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಸಂಗೀತ. ಗಣೇಶನ ಹಬ್ಬಕ್ಕೆ ಬಸವನಗುಡಿಯ ನ್ಯಾಷನಲ್ ಕಾಲೇಜು ಮೈದಾನ. ಕಾರ್ತಿಕದ ಕೊನೆಯ ಸೋಮವಾರ ದೊಡ್ಡ ಗಣಪತಿ ಗುಡಿ ಮುಂದೆ ಕಡಲೆಕಾಯಿ ಪರಿಷೆ. ನವೆಂಬರ್ ಪೂರ್ತಿ ಯಾವ ಬಡಾವಣೆಗೆ ಹೋದರೂ ರಾಜ್ಯೋತ್ಸವದ ಆರ್ಕೆಸ್ಟ್ರಾ. ರಸ್ತೆಗೆ ಅಡ್ಡಲಾಗಿ ವೇದಿಕೆ, ಒಂದು ಕಡೆ ಅಣ್ಣಮ್ಮ ದೇವಿ, ಕೆಂಪು ಹಳದಿ ಬಾವುಟ, ಅಣ್ಣಾವ್ರ ಹಾಡು. ಟಿಕೆಟ್ ಇಲ್ಲ, ಪ್ಲಾಸ್ಟಿಕ್ ಕುರ್ಚಿ ಇದೆ. ಸ್ಪೀಕರ್‌ನಿಂದ ಸ್ವಲ್ಪ ದೂರದಲ್ಲಿ ಕುರ್ಚಿ ಹಾಕಿಕೊಳ್ಳಿ, ಕಿವಿ ಉಳಿಯುತ್ತದೆ.

ಮರುದಿನ: ಎಣ್ಣೆ ನೀರು, ಆಮೇಲೆ ತಿಂಡಿ

ರಾತ್ರಿ ಸುತ್ತಿ ಬಂದ ಮರುದಿನವನ್ನು ಖಾಲಿ ಬಿಡಿ. ಸ್ಪಾಗೆ ಸಾವಿರಾರು ರೂಪಾಯಿ ಕೊಡುವ ಮುಂಚೆ ಮನೆಯಲ್ಲೇ ಎಣ್ಣೆ ನೀರು ಹಾಕಿಕೊಂಡು ನೋಡಿ. ಕೊಬ್ಬರಿ ಎಣ್ಣೆಯೋ ಎಳ್ಳೆಣ್ಣೆಯೋ, ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಉಗುರು ಬೆಚ್ಚಗೆ ಮಾಡಿ. ಹರಳೆಣ್ಣೆ ತಂಪು ಅನ್ನುತ್ತಾರೆ, ಆದರೆ ಜಿಗುಟು ಜಾಸ್ತಿ. ಅದನ್ನು ಬೇರೆ ಎಣ್ಣೆ ಜೊತೆ ಬೆರೆಸಿ. ನೆತ್ತಿಯಿಂದ ಶುರು ಮಾಡಿ, ಕತ್ತು, ಭುಜ, ಕೀಲುಗಳನ್ನು ನಿಧಾನವಾಗಿ ತಿಕ್ಕಿ. ರಾತ್ರಿಯೆಲ್ಲ ನಿಂತಿದ್ದ ಕಾಲಿಗೆ, ಅಂಗಾಲಿಗೆ ಹೆಚ್ಚು ಹೊತ್ತು ಕೊಡಿ. ಅರ್ಧ ಗಂಟೆ ಬಿಟ್ಟು ಬಿಸಿನೀರು, ತಲೆಗೆ ಸೀಗೆಪುಡಿ, ಮೈಗೆ ಕಡಲೆಹಿಟ್ಟು. ಬಚ್ಚಲಿನ ನೆಲ ಜಾರುತ್ತದೆ, ಹುಷಾರು. ನೆಗಡಿ, ಜ್ವರ ಇದ್ದರೆ ಈ ವಾರ ಬೇಡ. ಆಮೇಲೆ ಮೆಣಸಿನ ಸಾರು, ಅನ್ನ, ತುಪ್ಪ. ಮತ್ತೆ ನಿದ್ದೆ.

ನೀರು ಹಾಕಿಕೊಳ್ಳಲು ಹೊತ್ತಿಲ್ಲ ಅನ್ನುವವರು ಬೆಳಿಗ್ಗೆ ಲಾಲ್‌ಬಾಗಿಗೋ ಕಬ್ಬನ್ ಪಾರ್ಕಿಗೋ ಹೋಗಿ ನಿಧಾನವಾಗಿ ಒಂದು ಸುತ್ತು ಹಾಕಿ. ಶನಿವಾರ ಬೆಳಿಗ್ಗೆ ಕಬ್ಬನ್ ಪಾರ್ಕಿನಲ್ಲಿ ಚಾಪೆ ಹಾಸಿಕೊಂಡು ಮಾತಿಲ್ಲದೆ ಪುಸ್ತಕ ಓದುವ ಗುಂಪು ಕಾಣುತ್ತದೆ. ನೀವೂ ಹೋಗಿ ಕೂರಬಹುದು, ಯಾರೂ ಏನೂ ಕೇಳುವುದಿಲ್ಲ. ಲಾಲ್‌ಬಾಗಿನವರು ತಿಂಡಿಗೆ ಹತ್ತಿರದ ಎಂಟಿಆರ್ ನೋಡಿಕೊಳ್ಳಿ, 1924ರಿಂದ ಇದೆ, ಸೋಮವಾರ ರಜೆ. ಗಾಂಧಿ ಬಜಾರಿನ ಕಡೆ ಹೋದರೆ 1943ರ ವಿದ್ಯಾರ್ಥಿ ಭವನ, ಶುಕ್ರವಾರ ರಜೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರಿನ ಇಡ್ಲಿ ಚಟ್ನಿ ಬೇಕೆನ್ನುವವರು ಭಾನುವಾರ ಹೋಗಬೇಡಿ, ಬಾಗಿಲು ಹಾಕಿರುತ್ತದೆ.